ಹೆಸರು ಕೇಳಿದ ಬಟನ್

ಕರೆಂಟು ಹೋದಾಗಲೂ ಜನ ಕರೆಗಂಟೆಯ ಗುಂಡಿಯನ್ನೇ ಒತ್ತುತ್ತಾರೆ. ಪಡಸಾಲೆಯ ಕಿಟಕಿಯ ಪಕ್ಕ ಕುಳಿತು ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಇಳಕಲ್ಲಿನಲ್ಲಿ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಬಂದವರು ಗುಂಡಿಯ ಮೇಲೆ ಬೆರಳಿಟ್ಟು ಅದುಮಿ, ಸೆರಗನ್ನೋ ಟೋಪಿಯನ್ನೋ ಸರಿಪಡಿಸಿಕೊಂಡು, ಬಾಗಿಲು ತೆರೆದ ಕೂಡಲೇ ತೋರಿಸಲು ಒಂದು ನಗೆಯನ್ನು ಸಿದ್ಧವಾಗಿಟ್ಟುಕೊಂಡು ನಿಲ್ಲುತ್ತಾರೆ. ಒಳಗೆ ಗಂಟೆ ಸದ್ದು ಮಾಡಿಲ್ಲವೆಂದು ಅವರಿಗೆ ಗೊತ್ತಿಲ್ಲ. ಹೊರಗೆ ಯಾರೋ ನಿಂತಿದ್ದಾರೆಂದು ಒಳಗಿನವರಿಗೆ ಗೊತ್ತಿಲ್ಲ. ನಡುವೆ ಆ ನಗೆಯೊಂದು ಮೆಲ್ಲಗೆ ಬಾಡುತ್ತಿರುತ್ತದೆ. ನಾನು ಎದ್ದು ಹೋಗಿ ಬಾಗಿಲು ತೆರೆಯುತ್ತೇನೆ, ಇಲ್ಲವೆನ್ನುವುದಿಲ್ಲ. ಆದರೆ ಏಳುವ ಮುಂಚೆ ಒಂದು ಗಳಿಗೆ ಅವರನ್ನು ನೋಡುತ್ತೇನೆ. ಯಾರೋ ಓಗೊಡುತ್ತಾರೆಂದು ನಂಬಿ ನಿಂತ ಮನುಷ್ಯರ ಮುಖದಲ್ಲಿ ಅದೇನೋ ಒಂದು ಚೆಲುವು ಇರುತ್ತದೆ.

ವೀಣಾ, ನೀನು ಸಣ್ಣವಳಿದ್ದಾಗ ಒಮ್ಮೆ ಆ ಗುಂಡಿಯನ್ನು ಒತ್ತಿ ಒತ್ತಿ ಮನೆಯವರ ತಲೆ ತಿಂದು, ಕೊನೆಗೆ ನನ್ನ ಹತ್ತಿರ ಬಂದು, "ಆಯಿ, ಗುಂಡಿ ಹೊರಗ ಐತಿ, ಸಪ್ಪಳ ಯಾಕ ಒಳಗ ಆಗ್ತೈತಿ?" ಎಂದು ಕೇಳಿದ್ದೆ. ನಿನ್ನ ತಮ್ಮ ಬಸು ಆಗ ಇನ್ನೂ ತೆವಳುತ್ತಿದ್ದ. ಗುಂಡಿ ಏನೂ ಮಾಡುವುದಿಲ್ಲ ಮಗಳೇ, ಅದು ಕರೆಯುತ್ತದೆ ಅಷ್ಟೆ, ಕೆಲಸ ಮಾಡುವವರು ಒಳಗಿರುತ್ತಾರೆ ಎಂದು ನಾನು ಹೇಳಿದೆ. ಇಷ್ಟು ದೊಡ್ಡ ಮಾತು ಆಯಿಯ ಬಾಯಲ್ಲಿ ಹೇಗೆ ಬಂತೆಂದು ನೀನು ಬೆರಗಾದೆ. ಅದು ನನ್ನ ಮಾತಲ್ಲ, ನನ್ನ ಸೊಸೆಯದು, ನಿಮ್ಮ ಅವ್ವನದು. ಅವಳಿಗೆ ಅದು ಕಂಪ್ಯೂಟರ್ ಕ್ಲಾಸಿನಲ್ಲಿ ಸಿಕ್ಕಿತು. ನನಗೆ ಅವಳಿಂದ ಸಿಕ್ಕಿತು. ಅದು ಹೇಗೆಂಬುದನ್ನು ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ನಾಚಿಕೆ. ಆದ್ದರಿಂದ ಬರೆದಿಡುತ್ತಿದ್ದೇನೆ. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ನನ್ನನ್ನು ಕೇಳಿದ್ದ ಒಂದೇ ಒಂದು ವಸ್ತುವಿನ ಕಥೆಯೂ ಇದರಲ್ಲಿದೆ. ಅವರು ಇರುವಾಗ ಅದನ್ನು ಕೊಡಲು ನನ್ನಿಂದ ಆಗಲಿಲ್ಲ.

ನಾಚಿಕೆ ಎಂದೆನಲ್ಲ, ಅದು ನನ್ನ ತವರಿನ ಬಳುವಳಿ. ಶಿರೂರಿನ ಹತ್ತಿರದ ನಮ್ಮ ಹಳ್ಳಿಯ ಸಾಲಿಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ನಾನು 'ಹಾಜರ್ರಿ' ಎನ್ನುವುದು ನನ್ನ ಪಕ್ಕದವಳಿಗೂ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲೇ, ಅವರ ಮೇಜಿಗೆ ಮೊಣಕಾಲು ತಾಗುವಷ್ಟು ಸಮೀಪದಲ್ಲಿ ಕುಳಿತಿದ್ದೂ ನನಗೆ ಗೈರುಹಾಜರಿ ಬೀಳುತ್ತಿತ್ತು. ಒಮ್ಮೆ ಅವರು ಮನೆಗೇ ಬಂದು, "ನಿಮ್ಮ ಹುಡುಗಿ ಸಾಲಿಗೆ ಯಾಕ ಬರೂದಿಲ್ರಿ?" ಎಂದು ಅಪ್ಪನನ್ನು ಕೇಳಿದರು. ಅವರಿಗೆ ಕುಡಿಯಲು ನೀರು ತಂದುಕೊಟ್ಟವಳು ನಾನೇ. ಹೀಗೆ ಇದ್ದೂ ಇಲ್ಲದವಳಾಗಿ ಅಲ್ಲಿದ್ದ ತರಗತಿಗಳನ್ನೆಲ್ಲ ಮುಗಿಸಿದೆ. ಓದುವುದು, ಬರೆಯುವುದು ಚೆನ್ನಾಗಿ ಬಂತು. ಬಾಯಿಬಿಟ್ಟು ಹೇಳುವುದೊಂದು ಬರಲಿಲ್ಲ.

ನಿಮ್ಮ ಅವ್ವ ಸುನಂದಾ ನನಗೆ ತದ್ವಿರುದ್ಧ. ಗುಳೇದಗುಡ್ಡದಲ್ಲಿ ಮನೆಮನೆಯ ಮಗ್ಗದ ಸಪ್ಪಳದ ಮೇಲೆ ಮಾತಾಡಿ ಬೆಳೆದ ಧ್ವನಿ ಅದು. ಸೊಸೆಯಾಗಿ ಬಂದು ನೀವಿಬ್ಬರೂ ಹುಟ್ಟಿದ ಮೇಲೆ, ತಾನು ಕಂಪ್ಯೂಟರ್ ಕಲಿಯುತ್ತೇನೆಂದು ಅವಳು ಹೇಳಿದಾಗ ನಿಮ್ಮ ಅಪ್ಪ ಈರಣ್ಣ ಒಮ್ಮೆ ನನ್ನ ಮುಖ ನೋಡಿದ, ನಾನು ಅಡುಗೆಮನೆಯ ಗೋಡೆ ನೋಡಿದೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಅವಳು ಮರುದಿನದಿಂದ ಹುನಗುಂದದ ಮೇಲೆ ಹಾದುಹೋಗುವ ಬಸ್ಸು ಹಿಡಿದು ಬಾಗಲಕೋಟೆಯ ನವನಗರಕ್ಕೆ ಹೋಗಿಬರತೊಡಗಿದಳು. ಸಂಜೆ ಬಂದು, ಕೈಕಾಲು ತೊಳೆದು, ನಿಮ್ಮಿಬ್ಬರಲ್ಲಿ ಒಬ್ಬರನ್ನು ತೊಡೆಯ ಮೇಲೆ ಹಾಕಿಕೊಂಡು, ಆ ದಿನ ಕಲಿತದ್ದನ್ನು ನನಗೆ ಹೇಳುತ್ತಿದ್ದಳು. ಹೇಳಿದರೆ ಅವಳಿಗೆ ಗಟ್ಟಿಯಾಗುತ್ತಿತ್ತು. ನಾನು ರೊಟ್ಟಿ ಬಡಿಯುತ್ತ ಹೂಂಗುಡುತ್ತಿದ್ದೆ. ರೊಟ್ಟಿಯ ಸಪ್ಪಳದಲ್ಲಿ ಅರ್ಧ ಕೇಳುತ್ತಿತ್ತು, ಕೇಳಿದ್ದರಲ್ಲಿ ಅರ್ಧ ತಿಳಿಯುತ್ತಿತ್ತು.

ಅವಳು ಕಲಿತು ಮುಗಿಸುವ ಹೊತ್ತಿಗೆ, ಊರಿನಲ್ಲಿ ನೇಕಾರ ಹೆಂಗಸರು ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘದವರು ಬಂದು, ತಮ್ಮ ಸದಸ್ಯರು ಹೆಸರು ನೋಂದಾಯಿಸಲು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಡು ಎಂದು ಕೇಳಿದರು. ಸುನಂದಾ ಹಿಗ್ಗಿಹೋದಳು. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಬಂತು. ಟೆಲಿಫೋನ್ ತಂತಿಯನ್ನು ಅದಕ್ಕೆ ಚುಚ್ಚಿದರೆ ಬೆಕ್ಕಿನ ಬಾಲ ತುಳಿದಂತೆ ಕಿರುಚಿಕೊಂಡು ಇಂಟರ್ನೆಟ್ ಬರುತ್ತಿತ್ತು. ಪುಟದಲ್ಲಿ ಖಾಲಿ ಚೌಕಗಳು: ಹೆಸರು, ವಯಸ್ಸು, ಓಣಿ, ಮನೆಯಲ್ಲಿರುವ ಮಗ್ಗ. ಎಲ್ಲದರ ಕೆಳಗೆ 'ಕಳುಹಿಸು' ಎಂಬ ಬಟನ್. ನಾವು ಕಾಣುವುದು ಈ ಪುಟ ಮಾತ್ರ. ಬಟನ್ ಒತ್ತಿದಾಗ ಕೆಲಸ ನಡೆಯುವುದು ಎಲ್ಲೋ ದೂರದ ಊರಿನ ಮುಚ್ಚಿದ ಕೋಣೆಯೊಂದರಲ್ಲಿ, ಸರ್ವರ್ ಎಂಬ ಇನ್ನೊಂದು ಯಂತ್ರದಲ್ಲಿ. ಅಲ್ಲಿ ನಿಮ್ಮ ಅವ್ವ ಬರೆದಿಟ್ಟ ಕೋಡ್ ಕಾಯುತ್ತ ಕುಳಿತಿರುತ್ತದೆ. ಕರೆ ಬಂದರೆ ಎದ್ದು, ಬಂದದ್ದನ್ನು ಪರೀಕ್ಷಿಸಿ, ಒಳಗಿಟ್ಟುಕೊಂಡು, ಉತ್ತರ ಕಳಿಸುತ್ತದೆ.

ಹಾಗೆಂದು ಅವಳು ಹೇಳಿದ್ದು. ಮೊದಲ ದಿನ ನಡೆದದ್ದು ಬೇರೆ. ಅವಳು ಬಟನ್ ಒತ್ತಿದಳು. ಪುಟ ಒಮ್ಮೆ ಕಣ್ಣು ಮಿಟುಕಿಸಿ, ಬರೆದದ್ದನ್ನೆಲ್ಲ ನುಂಗಿಕೊಂಡು, ಏನೂ ಆಗೇ ಇಲ್ಲವೆಂಬಂತೆ ಖಾಲಿಯಾಗಿ ಬಂದು ನಿಂತಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಊಟ ಬಿಟ್ಟು ಕುಳಿತಳು. ನಿಮ್ಮ ಅಪ್ಪ, "ಆ ಬಟನ್ನಿಗೊಂದ ಹನಿ ಎಣ್ಣಿ ಬಿಡ್ಲೇನು?" ಎಂದು ಕೇಳಿ ಬೈಸಿಕೊಂಡ. ಕೊನೆಗೆ ಅವಳೇ ಹಣೆ ಚಚ್ಚಿಕೊಂಡು ನಕ್ಕಳು. ನಡುವೆ ಎಂದೋ ಅವಳು ಪುಟದ ಮೇಲಿನ ಬಟನ್ನಿನ ಹೆಸರನ್ನು ಬದಲಿಸಿದ್ದಳಂತೆ. ಸರ್ವರಿನ ಕೋಡ್ ಮಾತ್ರ ಹಳೆಯ ಹೆಸರನ್ನೇ ಹಿಡಿದು ಕಾಯುತ್ತಿತ್ತಂತೆ.

"ಹೆಸರ ಹಿಡದ ಕರೀಬೇಕ್ರಿ ಅತ್ತಿ, ಇಲ್ಲಂದ್ರ ಒಳಗಿಂದು ಏಳಂಗಿಲ್ಲ," ಎಂದಳು.

ನನಗೆ ನಗು ಬಂತು. ನಿಮ್ಮ ಮುತ್ಯಾನೂ ನಾನೂ ಹೆಸರು ಹಿಡಿದು ಕರೆಯದೆ ಇಡೀ ಸಂಸಾರವನ್ನೇ ಮಾಡಿದ್ದೆವಲ್ಲ.

ಅವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕುಳಿತು ನೇಯುತ್ತಿದ್ದ ಕುಣಿಮಗ್ಗ ಇದೇ ಪಡಸಾಲೆಯಲ್ಲಿತ್ತು. ಈಗ ಕಂಪ್ಯೂಟರಿನ ಮೇಜು ಇರುವ ಜಾಗದಿಂದ ಸ್ವಲ್ಪ ಈಚೆಗೆ. ನಮ್ಮ ಸೀರೆಯ ಮೈ ಬೇರೆ, ಬಿಳಿ ತೆನೆಯ ಚಿತ್ತಾರದ ಕೆಂಪು ಸೆರಗು ಬೇರೆ. ಎರಡರ ಹಾಸಿನ ಉದ್ದನೆಯ ಎಳೆಗಳನ್ನೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿ ಕೂಡಿಸಬೇಕು. ಅದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ; ಎಳೆ ಹಿಡಿಯಲು ಎದುರಿಗೆ ಇನ್ನೊಬ್ಬರು ಬೇಕು. ಆ ಹೊತ್ತು ಬಂದಾಗ ಅವರು ನನ್ನನ್ನು ಕೂಗುತ್ತಿರಲಿಲ್ಲ. ಕೈಯಲ್ಲಿದ್ದ ಲಾಳಿಯಿಂದ ಮಗ್ಗದ ಕಟ್ಟಿಗೆಯನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ನಾನು ಒಲೆಯ ಉರಿ ಹಿಂದಕ್ಕೆಳೆದು, ಕೈ ಒರೆಸಿಕೊಂಡು, ಹೋಗಿ ಎದುರಿಗೆ ಕೂರುತ್ತಿದ್ದೆ. ಎಳೆಗಳು ಅವರ ಬೆರಳಿನಿಂದ ನನ್ನ ಬೆರಳಿಗೆ ಬರುತ್ತಿದ್ದವು. ಮಾತಿಲ್ಲ. ಓಣಿಯ ತುಂಬ ಮಗ್ಗಗಳಿದ್ದವು, ಎಲ್ಲ ಮನೆಯಲ್ಲೂ ಲಾಳಿ ಬಡಿಯುವವರಿದ್ದರು. ಆದರೂ ನಮ್ಮ ಮನೆಯ ಟಕ್ ಟಕ್ ನನಗೆ ಎಷ್ಟು ಸಪ್ಪಳದ ನಡುವೆಯೂ ಬೇರೆಯಾಗಿ ಕೇಳುತ್ತಿತ್ತು. ಇದು ಯಾರಿಗೂ ಹೇಳಿಕೊಳ್ಳುವಂಥ ಸಂಗತಿಯಲ್ಲ. ನಾನು ಯಾರಿಗೂ ಹೇಳಿಯೂ ಇರಲಿಲ್ಲ.

ಗಂಡನ ಹೆಸರನ್ನು ಹೇಳಬಾರದೆಂಬುದು ನಮ್ಮ ಕಾಲದ ನಡತೆ. ಆದರೆ ಆ ಕಟ್ಟುಪಾಡಿಗೆ ಒಂದು ಕಿಂಡಿಯೂ ಇತ್ತು. ಮದುವೆಯಾಗಿ ಹೊಸ ಹೆಣ್ಣು ಗಂಡನ ಮನೆಗೆ ಬಂದಾಗ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಒಡಪು ಹೇಳು ಎಂದು ತಡೆಯುತ್ತಾರೆ. ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರನ್ನು ಪೋಣಿಸಿ ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನನ್ನ ಗೆಳತಿಯರು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿ ಕಳಿಸಿದ್ದರು. ಹೊಸ್ತಿಲ ಹೊರಗೆ ನಿಂತಾಗ ಒಂದಕ್ಷರವೂ ಉಳಿಯಲಿಲ್ಲ. ತಲೆಯ ಮೇಲೆ ಬಿಸಿಲು, ಪಕ್ಕದಲ್ಲಿ ನಾನು ಇನ್ನೂ ಸರಿಯಾಗಿ ಮುಖ ನೋಡಿರದ ಗಂಡ. ನಾದಿನಿ ಚೆನ್ನಾಗಿಯೇ ಕಾಡಿದಳು. "ಅಣ್ಣಾ, ಮೂಕಿನ್ನ ತಂದಿ ನೋಡು! ಹೆಸರ ಹೇಳೂತನಾ ಬಾಗಲಾ ಬಿಡಂಗಿಲ್ಲ!" ಎಂದಳು. ಎಲ್ಲರೂ ನಕ್ಕರು. ನನ್ನ ಕಣ್ಣು ತುಂಬಿತು. ಆಗ ಅವರು ಮುಖವನ್ನೂ ಹೊರಳಿಸದೆ, "ಹೇಳ್ಯಾಳ ಬಿಡಬೇ. ನನಗ ಕೇಳಿಸೇತಿ," ಎಂದರು.

ಗಂಡನಿಗೇ ಕೇಳಿಸಿದೆ ಎಂದ ಮೇಲೆ ಯಾರು ಏನು ಹೇಳುತ್ತಾರೆ? ಬಾಗಿಲು ಬಿಟ್ಟರು. ನಾನು ಒಳಗೆ ಬಂದದ್ದು ಹಾಗೆ.

ಮುಂದೆ ಮಗ್ಗದ ಎದುರು ಎಳೆ ಹಿಡಿದು ಕುಳಿತಾಗ, ಮನಸ್ಸು ಹಗುರಾಗಿದ್ದರೆ ಅವರು ಅದನ್ನು ನೆನಪಿಸುತ್ತಿದ್ದರು. "ಸುಳ್ಳ ಹೇಳಿ ಒಳಗ ಕರಕೊಂಡ ಬಂದೇನಿ ನಿನ್ನ. ಒಮ್ಮಿ ಅದನ್ನ ಖರೆ ಮಾಡಬೇ." ಅವರು ನನ್ನನ್ನು ಕೇಳಿದ್ದು ಅದೊಂದೇ. ಸೀರೆ ನೇಯುವವರ ಮನೆಯಲ್ಲಿ ಹೆಂಡತಿಯೂ ಏನೂ ಕೇಳುವುದಿಲ್ಲ, ಗಂಡನೂ ಕೇಳುವುದಿಲ್ಲ. ನಾನು ಎಳೆಯ ಕಡೆ ನೋಡುತ್ತ, "ಮುಂದ ನೋಡೂಣು" ಎನ್ನುತ್ತಿದ್ದೆ. ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಮುಂದೆ ಎಂಬುದು ನಮ್ಮ ಹಿತ್ತಲಲ್ಲೇ ಬಿದ್ದಿರುವ ಸಾಮಾನೆಂದು ಇಬ್ಬರೂ ತಿಳಿದಿದ್ದೆವು. ಅವರಿಗೆ ಎದೆನೋವು ಶುರುವಾಗಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದಾಗ ಕಿಟಕಿಯಲ್ಲಿದ್ದ ಹುಡುಗಿ, "ಪೇಷಂಟ್ ಹೆಸರೇನ್ರಿ?" ಎಂದು ಕೇಳಿದಳು. ನಾನು ನಿಂತೇ ಇದ್ದೆ. ಅವಳು ಮತ್ತೆ ಕೇಳಿದಳು. ಹಿಂದೆ ಬೆಂಚಿನ ಮೇಲೆ ಒರಗಿದ್ದ ಅವರು ಆ ನೋವಿನಲ್ಲೂ ತಮ್ಮ ಹೆಸರನ್ನು ತಾವೇ ಹೇಳಿ, "ಆಕಿ ಹೇಳೂದಿಲ್ಲ ತಂಗಿ, ಆಕಿದು ಅಷ್ಟ ಸುಲಭ ಇಲ್ಲ," ಎಂದು ನಕ್ಕರು. ಮನೆಗೆ ಬಂದರು, ಒಂದು ಚಳಿಗಾಲ ಇದ್ದರು, ಹೋದರು.

ಆಮೇಲೆ ಎಷ್ಟೋ ದಿನ ಪಕ್ಕದ ಮನೆಯ ಮಗ್ಗದಲ್ಲಿ ಯಾರೋ ಲಾಳಿ ಬಡಿದರೆ ನಾನು ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದೆ. ಪಡಸಾಲೆಯ ಬಾಗಿಲವರೆಗೆ ಹೋಗಿ ನಿಂತು, ಯಾಕೆ ಬಂದೆನೆಂದು ಮನೆಯಲ್ಲಿದ್ದವರು ಕೇಳುವ ಮುಂಚೆ ಯಾವುದಾದರೂ ಚೊಂಬನ್ನು ಎತ್ತಿಕೊಂಡು ಹಿಂದಿರುಗುತ್ತಿದ್ದೆ. ಸುನಂದಾಳ ಬಟನ್ನಿನ ಸಂಕಟ ಹೊರಗಿನಿಂದ ಒತ್ತಿದರೆ ಒಳಗೆ ಓಗೊಡುವವರಿಲ್ಲ ಎಂಬುದು. ನನ್ನದು ಅದಕ್ಕೆ ಉಲ್ಟಾ. ಓಗೊಡಲು ನಾನು ಒಳಗೆ ಹಾಜರಿದ್ದೆ, ಹೊರಗೆ ಒತ್ತುವವರಿರಲಿಲ್ಲ.

ಇರಲಿ, ಪುಟದ ಕಥೆಗೆ ಬರುತ್ತೇನೆ. ಬಟನ್ ಸರಿಹೋದ ಮೇಲೆ ಸುನಂದಾ ಕೀಲಿಮಣೆಯ ಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಅಂಟಿಸಿ, "ಮೊದಲ ನೀವಾ ತುಂಬ್ರಿ ಅತ್ತಿ, ಚಲೋ ಆಗ್ತೈತಿ," ಎಂದು ನನ್ನನ್ನು ಕೂರಿಸಿ ಒಳಗೆ ಹೋದಳು. ಒಂದು ಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ, ಹೆಸರು, ವಯಸ್ಸು, ಓಣಿ ಎಲ್ಲ ತುಂಬಿದೆ. ಗಂಡನ ಹೆಸರು ಎಂಬ ಚೌಕವೂ ಇತ್ತು. ಅದನ್ನು ಬಿಟ್ಟು ಬಟನ್ ಒತ್ತಿದೆ. ಪುಟ ಹೋಗಿ, ತಿರುಗಿ ಬಂದು, ಕೆಂಪಕ್ಷರದಲ್ಲಿ 'ಗಂಡನ ಹೆಸರು ತುಂಬಿರಿ' ಎಂದಿತು. ಆಚೀಚೆ ನೋಡಿದೆ. ಯಾರೂ ಇರಲಿಲ್ಲ. ನಮ್ಮ ವಾರಿಗೆಯವರೆಲ್ಲ ಸಂತೆಯಲ್ಲಿ, ನೀರಿನ ನಲ್ಲಿಯ ಹತ್ತಿರ ಹೇಳುವ ರೀತಿಯಲ್ಲೇ 'ಈರಣ್ಣನ ಅಪ್ಪ' ಎಂದು ಬರೆದು ಒತ್ತಿದೆ. ಸರ್ವರ್ ಕಿಮಕ್ ಎನ್ನದೆ ಒಪ್ಪಿಕೊಂಡಿತು! ನಮ್ಮ ನಾದಿನಿಗಿಂತ ಇದು ಎಷ್ಟೋ ಪಾಪದ ಪ್ರಾಣಿ ಎಂದುಕೊಂಡು ಎದ್ದು ಹೋದೆ.

ನನ್ನ ಜಾಣತನ ನನ್ನೊಬ್ಬಳದೇ ಆಗಿರಲಿಲ್ಲ. ಕೆಲವು ದಿನಗಳ ಮೇಲೆ ಸುನಂದಾ, ಒಳಗೆ ಸೇರಿದ ಹೆಸರುಗಳನ್ನೆಲ್ಲ ತೆರೆದು ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತ ನನ್ನ ಹತ್ತಿರ ಬಂದಳು. ಹರೆಯದ ಹುಡುಗಿಯರು ಗಂಡಂದಿರ ಹೆಸರನ್ನು ನೆಟ್ಟಗೆ ಬರೆದಿದ್ದರು. ಉಳಿದವರದೆಲ್ಲ 'ನಮ್ಮ ಮನಿಯವರು', 'ಹಿರಿಯಾಕಿ ಅಪ್ಪ', 'ನಮ್ಮ ಯಜಮಾನ್ರು'. ಒಬ್ಬಾಕೆ ಬರೀ 'ಅವರ' ಎಂದು ಬರೆದು ಬಿಟ್ಟಿದ್ದಳು. "ಅರ್ಧ ಊರಿಗೆ ಒಬ್ಬನಾ ಗಂಡ ಆಗ್ಯಾನ್ರಿ ಅತ್ತಿ, 'ಮನಿಯವರು' ಅಂತ!" ಎಂದು ಅವಳು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ, ನನ್ನದನ್ನು ಅವಳು ನೋಡಿಲ್ಲವೆಂಬ ಧೈರ್ಯದಲ್ಲಿ. "ಮೊದಲನೇ ಸಾಲಿನ್ಯಾಗ ಯಾರದಾರ ಗೊತ್ತೈತೇನ್ರಿ? ಈರಣ್ಣನ ಅಪ್ಪ," ಎಂದಳು.

ಆ ಸಂಜೆ ಅವಳು ಸರ್ವರಿನ ಕೋಡನ್ನು ಬಿಗಿ ಮಾಡಿದಳು. ಇಂಥಿಂಥ ಮಾತು ಬಂದರೆ ಒಪ್ಪಿಕೊಳ್ಳಬೇಡ, ಖರೆ ಹೆಸರು ಕೇಳು ಎಂದು ಅದಕ್ಕೆ ಕಲಿಸಿದಳು. ಒಂದೇ ಸಂಜೆಯಲ್ಲಿ ಆ ಪಾಪದ ಪ್ರಾಣಿ ಹೊಸ್ತಿಲಿಗೆ ಅಡ್ಡ ನಿಲ್ಲುವ ನಾದಿನಿಯಾಯಿತು. ಹಿಂದೆ ಬರೆದವರೆಲ್ಲ ಮತ್ತೆ ತುಂಬಬೇಕಾಯಿತು. ನಾನು ಕುಳಿತು ಹಳೆಯದನ್ನೇ ಬರೆದು ಒತ್ತಿದೆ. ಪುಟ ಹೋಯಿತು, ಬಂತು. 'ಗಂಡನ ಹೆಸರು ಸರಿಯಾಗಿ ತುಂಬಿರಿ.' ಇನ್ನೊಂದು ಉಪಾಯದಿಂದ ಒತ್ತಿದೆ. ಮತ್ತೆ ಅದೇ ಕೆಂಪಕ್ಷರ.

ಹಿಂದಿನಿಂದ ನೋಡುತ್ತಿದ್ದ ಸುನಂದಾಳ ನಗು ನಿಂತಿತು. ನನ್ನ ಭುಜದ ಮೇಲೆ ಕೈಯಿಟ್ಟು, "ಬ್ಯಾಡ ಬಿಡ್ರಿ ಅತ್ತಿ. ನಿಮ್ಮ ಸಲುವಾಗಿ ಆ ತಡಿ ತಗದ ಬಿಡ್ತೇನಿ, ಒಂದ ನಿಮಿಷದ ಕೆಲಸ," ಎಂದಳು.

"ಬ್ಯಾಡವಾ," ಎಂದೆ. "ನಿಂದ್ರಿಸ್ಲಿ."

ಯಾಕೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಗಂಡನಿಲ್ಲದವಳನ್ನು ಒಡಪು ಹೇಳೆಂದು ಯಾರೂ ತಡೆಯುವುದಿಲ್ಲ. ಮದುವೆಮನೆಯಲ್ಲಿ ಎಲ್ಲ ಹೆಂಗಸರ ಸರದಿ ಬಂದು ನನ್ನ ಹತ್ತಿರ ಬಂದಾಗ, ನೋಯಿಸಬಾರದೆಂದು, ಮಾತು ಮೆಲ್ಲಗೆ ನನ್ನನ್ನು ದಾಟಿ ಪಕ್ಕದವಳಿಗೆ ಹೋಗುತ್ತದೆ. ಎಲ್ಲ ಬಾಗಿಲೂ ನನಗೆ ಸಲೀಸು. ಅಷ್ಟು ಸಲೀಸಾದ ಬಾಗಿಲುಗಳೊಳಗೆ ಹೋಗಿಬರುವುದು ಎಂಥದೆಂದು ಅಡ್ಡಗಟ್ಟುವವರಿರುವ ಹೆಂಗಸರಿಗೆ ತಿಳಿಯದು. ನಾನು ಯಾರು, ನನ್ನ ಹಣೆ ಹೇಗಿದೆ ಎಂದು ನೋಡಲಾಗದ ಆ ದೂರದ ಸರ್ವರ್ ಒಂದೇ, ಇಷ್ಟು ವರ್ಷಗಳ ಮೇಲೆ, ಹೊಸ ಹೆಣ್ಣನ್ನು ತಡೆದಂತೆ ನನ್ನನ್ನು ತಡೆದು ನಿಲ್ಲಿಸಿತ್ತು. ಅದನ್ನು ತೆಗೆಸುವ ಮನಸ್ಸು ನನಗೆ ಹೇಗೆ ಬರಬೇಕು?

ಸುನಂದಾ ಚಹಾ ಇಡುತ್ತೇನೆಂದು ಒಳಗೆ ಹೋದಳು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಆ ಹೆಸರು ನನ್ನ ಕೈಯಿಂದ ಮೂಡಿದ್ದು ಅದೇ ಮೊದಲು. ಪುಟ್ಟ ಚೌಕದಲ್ಲಿ ಅದು ಸುಮ್ಮನೆ ಕುಳಿತಿತ್ತು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಅವರು ಕೂರುತ್ತಿದ್ದ ಹಾಗೆ. ಬಹಳ ಹೊತ್ತು ನೋಡಿದೆ. ಆಮೇಲೆ ಬಟನ್ ಒತ್ತಿದೆ. 'ನೋಂದಣಿಯಾಗಿದೆ' ಎಂದು ಒಂದು ಸಾಲು ಬಂತು, ಕೆಳಗೆ ಮುಂದಿನವರಿಗಾಗಿ ಚೌಕಗಳೆಲ್ಲ ಖಾಲಿಯಾದವು. ಸುನಂದಾ ಲೋಟ ಹಿಡಿದು ಬಂದಾಗ ಪರದೆಯನ್ನು ಬೆರಳಿನಿಂದ ಮುಟ್ಟಿ, "ಎಲ್ಲಿ ಹೋತ ಸುನಂದಾ? ಅಳಿಸಿ ಹೋತೇನು?" ಎಂದು ಕೇಳಿದೆ.

"ಇಲ್ರಿ ಅತ್ತಿ, ಒಳಗ ಹೋತು. ಹೊರಗ ಕಾಣೂದಿಲ್ಲ ಅಷ್ಟ. ಒಳಗ ಐತಿ."

ಚಹಾ ಬಿಸಿಯಾಗಿತ್ತು, ಕಣ್ಣಲ್ಲಿ ನೀರು ಬರಲು ಅದು ಸಾಕಾಯಿತು.

ಇಷ್ಟಾದರೂ ನನ್ನೊಳಗೊಂದು ಕೊರಗು ಉಳಿಯಿತು. ಬರೆದದ್ದು ಹೇಳಿದ ಹಾಗಲ್ಲವಲ್ಲ. ಅವರು ಕೇಳಿದ್ದು ಬಾಯಿಂದ ಬರುವ ಹೆಸರು. ಬೆರಳು ತೀರಿಸಿದ ಕೆಲಸ ಬಾಯಿಗೆ ಬಾಕಿಯೇ ಇತ್ತು. ಆಗಿನಿಂದ ನೀರು ತುಂಬುವಾಗ, ಕಾಳು ಆರಿಸುವಾಗ ನನಗೆ ತಿಳಿಯದಂತೆಯೇ ಪ್ರಾಸ ಹುಡುಕುವ ಚಟ ಹತ್ತಿತು. ಗೆಳತಿಯರು ಕಲಿಸಿದ್ದ ಒಡಪು ಎಂದೋ ಮರೆತಿತ್ತು. ಬೇರೆಯವರದು ನನಗೆ ಬೇಕಾಗಿಯೂ ಇರಲಿಲ್ಲ. ಮುದುಕಿ ಒಬ್ಬಳೇ ತುಟಿ ಅಲ್ಲಾಡಿಸುವುದನ್ನು ಕಂಡವರು ಜಪ ಮಾಡುತ್ತಾಳೆಂದು ತಿಳಿದರು. ಆ ಪುಣ್ಯವೂ ಬರಲಿ ಎಂದು ಸುಮ್ಮನಿದ್ದೆ.

ಆಮೇಲೆ ಒಂದೆರಡು ವರ್ಷ ಕಳೆದಿರಬೇಕು. ಬಾದಾಮಿಯ ಹತ್ತಿರ ನೆಂಟರ ಮನೆಯ ಮದುವೆ ಮುಗಿಸಿ ಒಬ್ಬಳೇ ಬಸ್ಸಿಳಿದು ಮನೆಗೆ ಬಂದೆ. ಸಂಜೆ ಬಿಸಿಲು ಓಣಿಯಲ್ಲಿ ಉದ್ದಕ್ಕೆ ಬಿದ್ದಿತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ಪವರ್‌ಲೂಮುಗಳ ಸಪ್ಪಳವಿಲ್ಲ, ಅಂದರೆ ಕರೆಂಟಿಲ್ಲ. ಎಲ್ಲ ಗೊತ್ತಿದ್ದೂ ನನ್ನ ಬೆರಳು ಹೋಗಿ ಆ ಗುಂಡಿಯನ್ನೇ ಒತ್ತಿತು. ಒತ್ತಿ, ಸೆರಗು ಸರಿಮಾಡಿಕೊಂಡು, ಮುಖದ ಮೇಲೊಂದು ನಗೆ ಇಟ್ಟುಕೊಂಡು ನಿಂತೆ. ಎದುರಿಗೆ ಅದೇ ಹೊಸ್ತಿಲು. ಓಣಿಯಲ್ಲಿ ಯಾರೂ ಇರಲಿಲ್ಲ. ಅಂದು ಮದುವೆಮನೆಯಲ್ಲೂ ಮಾತು ನನ್ನನ್ನು ದಾಟಿ ಪಕ್ಕದವಳಿಗೆ ಹೋಗಿತ್ತು. ಕದದ ಮರಕ್ಕೆ ಬಾಯಿ ಹತ್ತಿರ ತಂದು, ಸಾಲಿಯಲ್ಲಿ ಹಾಜರಿ ಹೇಳುತ್ತಿದ್ದ ಅದೇ ಧ್ವನಿಯಲ್ಲಿ ಹೇಳಿದೆ:

"ಕೆಂಪು ರೇಷ್ಮಿ ಸೆರಗಿನ ಮ್ಯಾಲ ಬಿಳಿ ತೆನಿ ಸಾಲು,
ಸಂಗಪ್ಪನವರ ಹೆಸರ ಹೇಳೇನಿ, ಬಿಡ್ರಿ ಬಾಗಲು."

ಒಳಗೆ ಚಿಲಕದ ಸಪ್ಪಳವಾಯಿತು. ವೀಣಾ, ಬಾಗಿಲು ತೆಗೆದವಳು ನೀನು. ನಿನಗೆ ನೆನಪಿರಲಿಕ್ಕಿಲ್ಲ, ಕೈಯಲ್ಲಿ ಅರ್ಧ ತಿಂದ ಪೇರಲಹಣ್ಣಿತ್ತು. ನನಗೆ ಗಾಬರಿಯಾಗಿ, "ಕರೆಂಟಿಲ್ಲಲ್ಲಬೇ, ಗಂಟಿ ಸಪ್ಪಳ ಆಗಲಿಲ್ಲ. ನಾ ಬಂದದ್ದು ನಿನಗ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ.

ನೀನು ಹಣ್ಣು ಕಚ್ಚುತ್ತ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನ ಮುಖ ನೋಡಿ ಹೇಳಿದೆ: "ಮುತ್ಯಾನ ಹೆಸರ ಹೇಳಿದೆಲ್ಲ ಆಯಿ. ನನಗ ಕೇಳಿಸೇತಿ."

ನಾನು ಬಲಗಾಲಿಟ್ಟು ಒಳಗೆ ಬಂದೆ.